ನಮ್ಮ ಐತಿಹಾಸಿಕ ಕಥನದಲ್ಲಿ ಮದ್ದು ಬಲ್ಲ ಹೆಂಗಸು

೧

ಕನ್ನಡದ ಐತಿಹಾಸಿಕ ಕಾದಂಬರಿಯು ಅರಸರನ್ನೂ ದಳವಾಯಿಗಳನ್ನೂ ನಾಟ್ಯವಿದುಷಿಯರನ್ನೂ ಸಂಗೀತಗಾರರನ್ನೂ ನಮ್ಮ ಕಣ್ಣಮುಂದೆ ತಂದು ನಿಲ್ಲಿಸಿದೆ. ಕೆ. ವಿ. ಅಯ್ಯರ ‘ಶಾಂತಲಾ’, ತ. ರಾ. ಸು. ಅವರ ‘ಹಂಸಗೀತೆ’ ಮತ್ತು ‘ದುರ್ಗಾಸ್ತಮಾನ’, ಮಾಸ್ತಿಯವರ ‘ಚೆನ್ನಬಸವನಾಯಕ’ ಇವುಗಳನ್ನು ಓದಿದವರಿಗೆ ಹಳೆಯ ಕನ್ನಡ ನಾಡಿನ ಆಸ್ಥಾನ, ಕೋಟೆ, ದೇವಾಲಯಗಳು ಪರಿಚಿತವಾಗಿವೆ. ಆದರೆ ಆ ಕೋಟೆಯ ಒಳಗೂ ಹೊರಗೂ ಹುಟ್ಟಿದ ಕೂಸುಗಳನ್ನು ಮೊದಲು ಕೈಯಲ್ಲಿ ಹಿಡಿದವಳು ಯಾರು? ಬಾಣಂತಿಗೆ ಕಷಾಯ ಕಾಸಿದವಳು, ಎಳೆಗೂಸಿನ ಹೊಟ್ಟೆಯುಬ್ಬರಕ್ಕೆ ಬಜೆ ತೇಯ್ದವಳು, ಹಾವು ಕಚ್ಚಿದವನಿಗೆ ಬೇರು ಅರೆದವಳು ಯಾರು? ಈ ಪ್ರಶ್ನೆಗೆ ನಮ್ಮ ಐತಿಹಾಸಿಕ ಕಥನವು ಕೊಡುವ ಉತ್ತರ ಬಲು ಕಿರಿದು. ಆಕೆ ಬಂದರೂ ಒಂದು ಪುಟದಲ್ಲಿ ಬಂದು ಮರುಪುಟದಲ್ಲಿ ಮಾಯವಾಗುವಳು; ಅಥವಾ ಮಾಟಗಾತಿಯಾಗಿ ಬಂದು ಓದುಗರನ್ನು ಬೆದರಿಸುವಳು; ಅಥವಾ ತಾಯಿ ದೈವವಾಗಿ ಪೂಜೆಗೊಂಡು ಮನುಷ್ಯಳಾಗಿ ಉಳಿಯದೆ ಹೋಗುವಳು.

ಈ ಮೂರು ಗತಿಗಳು ಹೇಗೆ ಒದಗಿದುವು, ಇವುಗಳ ನಡುವೆ ಆಕೆಗೆ ನಾಲ್ಕನೆಯ ದಾರಿಯೊಂದು ಉಂಟೆ ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಪ್ರಶ್ನೆ ಕೇವಲ ಸಾಹಿತ್ಯದ್ದಲ್ಲ. ಒಬ್ಬ ಹೆಂಗಸನ್ನು ‘ಮಾಟಗಾತಿ’ ಎಂದು ಹೆಸರಿಟ್ಟು ಕರೆಯುವುದು ನಮ್ಮ ದೇಶದ ಕೆಲವು ಭಾಗಗಳಲ್ಲಿ ಇಂದಿಗೂ ಪ್ರಾಣಾಪಾಯದ ಸಂಗತಿಯಾಗಿದೆ. ಬಿಹಾರವು ೧೯೯೯ರಲ್ಲಿ ಇದರ ವಿರುದ್ಧ ಕಾಯಿದೆ ಮಾಡಿತು; ಜಾರ್ಖಂಡ, ಛತ್ತೀಸಗಢ, ರಾಜಸ್ಥಾನ, ಅಸ್ಸಾಂ ರಾಜ್ಯಗಳು ಅದನ್ನು ಹಿಂಬಾಲಿಸಿದುವು. ಹೀಗಿರಲು ಕಥೆಗಾರನು ಆ ಹೆಸರನ್ನು ಯಾರ ಮೇಲೆ, ಯಾವ ಎಚ್ಚರದಿಂದ ಹೊರಿಸುತ್ತಾನೆ ಎಂಬುದನ್ನು ವಿಮರ್ಶೆಯು ಕೇಳಲೇಬೇಕು.

೨

ಮೊದಲು ನಮ್ಮ ಮಾತನ್ನೇ ನೋಡೋಣ. ಕನ್ನಡದಲ್ಲಿ ‘ಮದ್ದು’ ಎಂದರೆ ಔಷಧ. ಆದರೆ ‘ಮದ್ದು ಹಾಕಿದ್ದಾರೆ’ ಎಂದೊಡನೆ ಅರ್ಥ ತಲೆಕೆಳಗಾಗುತ್ತದೆ. ‘ಇಡುಮದ್ದು’, ‘ಕೈಮದ್ದು’ ಎಂಬ ಶಬ್ದಗಳಲ್ಲಿ ಇರುವುದು ಅನ್ನದಲ್ಲಿಯೋ ಹಾಲಿನಲ್ಲಿಯೋ ಗುಟ್ಟಾಗಿ ಬೆರೆಸಿ ಉಣಿಸಿದ ವಸ್ತುವಿನ ಭಯ. ಒಲೆಯ ಮುಂದೆ ಕುಳಿತವಳು ಹೆಂಗಸಾದುದರಿಂದ ಈ ಸಂಶಯವು ಹೆಚ್ಚಾಗಿ ಹೆಂಗಸಿನ ಮೇಲೆಯೇ ಬೀಳುತ್ತ ಬಂದಿದೆ. ಕೊಲ್ಲುವ ಮದ್ದಿಗೂ ಕಾಯುವ ಮದ್ದಿಗೂ ಭಾಷೆ ಒಂದೇ ಶಬ್ದವನ್ನು ಇಟ್ಟುಕೊಂಡಿರುವುದು ಆಕಸ್ಮಿಕವಲ್ಲ. ಯಾವ ಕೈಗೆ ಬೇರಿನ ಗುಣ ತಿಳಿದಿದೆಯೋ ಆ ಕೈಗೆ ಅದರ ವಿಷವೂ ತಿಳಿದಿರಲೇಬೇಕೆಂಬುದು ಜನದ ತರ್ಕ. ಆ ತರ್ಕದಲ್ಲಿ ತಪ್ಪಿಲ್ಲ. ತಪ್ಪು ಇರುವುದು ಅದರಿಂದ ಹುಟ್ಟಿದ ಭಯವು ಯಾರನ್ನು ಆರಿಸಿಕೊಳ್ಳುತ್ತದೆ ಎಂಬುದರಲ್ಲಿ.

ಈ ಭಯ ಹಳೆಯದು. ಮನುಸ್ಮೃತಿಯು ‘ಅಭಿಚಾರ’ ಮತ್ತು ‘ಮೂಲಕರ್ಮ’ ಎಂದರೆ ಬೇರುಗಳಿಂದ ಮಾಡುವ ವಶೀಕರಣ ಇವೆರಡನ್ನೂ ಉಪಪಾತಕಗಳ ಸಾಲಿನಲ್ಲಿ ಸೇರಿಸುತ್ತದೆ. ಮಹಾಭಾರತದ ವನಪರ್ವದಲ್ಲಿ ದ್ರೌಪದೀ-ಸತ್ಯಭಾಮೆಯರ ಸಂವಾದವನ್ನು ವಾಚಕರು ನೆನೆಯಬಹುದು. ಐವರು ಗಂಡಂದಿರನ್ನು ನೀನು ಅಂಕೆಯಲ್ಲಿ ಇಟ್ಟುಕೊಂಡಿರುವುದು ಮಂತ್ರದಿಂದಲೋ ಮೂಲಿಕೆಯಿಂದಲೋ ಎಂದು ಸತ್ಯಭಾಮೆ ಕೇಳುತ್ತಾಳೆ. ದ್ರೌಪದಿ ಅದನ್ನು ಖಂಡಿಸುತ್ತಾಳೆ; ಅಂಥ ಮದ್ದು ತಿಂದು ರೋಗಿಗಳಾದ ಗಂಡಂದಿರ ಪಾಡನ್ನು ಎತ್ತಿ ಹೇಳುತ್ತಾಳೆ. ರಾಣಿಯರ ಈ ಸಂಭಾಷಣೆಯಲ್ಲಿಯೇ ಅಡುಗೆಮನೆಯ ಮದ್ದಿನ ಭಯವು ನೆಲೆಗೊಂಡಿದೆ ಎಂಬುದು ಗಮನಾರ್ಹ.

ಇನ್ನು ಕನ್ನಡದ ವೈದ್ಯಗ್ರಂಥಗಳು. ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಮೊದಲಾದುವೆಲ್ಲ ಪುರುಷರು ಬರೆದುವು. ಮಂಗರಾಜನು ವಿಷವೈದ್ಯದಲ್ಲಿ ಔಷಧದ ಜೊತೆಗೆ ಮಂತ್ರವನ್ನೂ ಹೇಳುತ್ತಾನೆ. ಅದರಿಂದ ಅವನ ಶಾಸ್ತ್ರಕ್ಕೆ ಕುಂದು ಬರಲಿಲ್ಲ. ಅದೇ ಬೇರು, ಅದೇ ಮಂತ್ರ ಓದುಬರಹವಿಲ್ಲದ ಮುದುಕಿಯ ಬಾಯಲ್ಲಿ ಬಂದರೆ ಅದಕ್ಕೆ ಶಾಸ್ತ್ರವೆಂಬ ಹೆಸರಿಲ್ಲ. ಓಲೆಗರಿ ಒಂದು ಬಗೆಯ ರಕ್ಷಾಕವಚ. ಸೂಲಗಿತ್ತಿಗೆ ಆ ಕವಚವಿರಲಿಲ್ಲ. ಮರಾಠಿಯ ‘ಸುಈಣ’ಗೂ ಇರಲಿಲ್ಲ.

೩

ಬರಹವು ಕೈಬಿಟ್ಟವಳನ್ನು ಹಾಡು ಕೈಬಿಡಲಿಲ್ಲ. ತುಳುನಾಡಿನ ಕೋಟಿ-ಚೆನ್ನಯರ ಪಾಡ್ದನದಲ್ಲಿ ಬರುವ ದೇಯಿ ಬೈದೆತಿಯು ನಮ್ಮ ನಾಡಿನ ಕಥನಪರಂಪರೆಯಲ್ಲಿಯೇ ಅತ್ಯಂತ ಪೂರ್ಣವಾದ ವೈದ್ಯಸ್ತ್ರೀಯ ಚಿತ್ರ. ಈ ಪಾಡ್ದನದ ಕಾಲವನ್ನು ಸಾಮಾನ್ಯವಾಗಿ ಹದಿನಾರನೆಯ ಶತಮಾನಕ್ಕೆ ಕಟ್ಟುತ್ತಾರೆ. ಮಂಗಳೂರಿನ ಬಾಸೆಲ್ ಮಿಶನ್ನಿನ ಮ್ಯಾನರ್ ಅವರು ೧೮೮೬ರಲ್ಲಿ ಪಾಡ್ದನಗಳ ಸಂಗ್ರಹವನ್ನು ಅಚ್ಚುಮಾಡಿದರು. ಬರ್ನೆಲ್ ಅವರು ಸಂಗ್ರಹಿಸಿದ ಪಾಠವು ಅವರ ಮರಣಾನಂತರ ೧೮೯೦ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಬೆಳಕು ಕಂಡಿತು. ಪಂಜೆ ಮಂಗೇಶರಾಯರು ಇದನ್ನು ಕನ್ನಡ ಗದ್ಯದಲ್ಲಿ ‘ಕೋಟಿ ಚೆನ್ನಯ’ ಎಂಬ ಕಥೆಯಾಗಿ ಬರೆದು ಘಟ್ಟದ ಮೇಲಿನ ಓದುಗರಿಗೂ ಒದಗಿಸಿಕೊಟ್ಟರು.

ಪಾಠಾಂತರಗಳು ಹಲವಿದ್ದರೂ ಕಥೆಯ ಎಲುಬು ಒಂದೇ. ಮದುವೆಗೆ ಮುನ್ನ ಮೈನೆರೆದಳೆಂಬ ಕಾರಣಕ್ಕೆ ಬ್ರಾಹ್ಮಣ ಹೆಣ್ಣುಮಗಳೊಬ್ಬಳನ್ನು ಕಾಡಿನಲ್ಲಿ ಬಿಟ್ಟುಬಿಡುತ್ತಾರೆ. ಸಾಯನ ಬೈದ್ಯನು ಆಕೆಯನ್ನು ಕಂಡು ಮನೆಗೆ ಕರೆತರುತ್ತಾನೆ. ಆಕೆ ದೇಯಿಯಾಗಿ ಆ ಕುಲದಲ್ಲಿ ಬೆರೆತು ಬಾಳುತ್ತಾಳೆ. ಮುಂದೆ ಪಡುಮಲೆಯ ಬಲ್ಲಾಳನ ಕಾಲಿಗೆ ಮುಳ್ಳು ನೆಟ್ಟು ಹುಣ್ಣಾಗಿ ಉಳಿದ ವೈದ್ಯರೆಲ್ಲ ಕೈಚೆಲ್ಲಿದಾಗ ತುಂಬುಗರ್ಭಿಣಿಯಾದ ದೇಯಿಗೆ ಕರೆ ಬರುತ್ತದೆ. ಆಕೆಯ ಮದ್ದಿನಿಂದ ಬಲ್ಲಾಳನು ಗುಣಹೊಂದುತ್ತಾನೆ. ಅನಂತರ ಅವಳಿಮಕ್ಕಳು ಹುಟ್ಟುತ್ತಾರೆ. ಸ್ವಲ್ಪ ಕಾಲದಲ್ಲಿಯೇ ಆಕೆ ತೀರಿಕೊಳ್ಳುತ್ತಾಳೆ. ಆ ಮಕ್ಕಳೇ ಕೋಟಿ ಮತ್ತು ಚೆನ್ನಯ.

ಇಲ್ಲಿ ವಿಮರ್ಶಕನು ನಿಂತು ನೋಡಬೇಕಾದ ಸ್ಥಾನಗಳು ಎರಡು. ಮೊದಲನೆಯದು ಹೆಸರು. ‘ಬೈದ್ಯ’ ಎಂಬುದು ವೈದ್ಯ ಶಬ್ದದ ತದ್ಭವವೆಂದೇ ಬಲ್ಲವರು ಹೇಳುವರು. ‘ಬೈದೆತಿ’ ಅದರ ಸ್ತ್ರೀರೂಪ. ಎಂದರೆ ಇಲ್ಲಿ ಹೆಂಗಸಿನ ವೈದ್ಯವು ಗುಟ್ಟಿನದಲ್ಲ, ಅಪವಾದವೂ ಅಲ್ಲ. ಹೆಸರಿನಲ್ಲಿಯೇ ಅಂಗೀಕೃತವಾದ ಕುಲವೃತ್ತಿ. ಹುಟ್ಟಿದ ಮನೆಯು ಯಾರ ಮೈಯನ್ನೇ ಅಶುಭವೆಂದು ಹೆದರಿ ಹೊರಗೆ ಹಾಕಿತೋ ಆಕೆಯ ಕೈಯೇ ಅರಸನ ಮೈಗೆ ಶುಭವಾಗುತ್ತದೆ. ಭಯಕ್ಕೂ ವೈದ್ಯಕ್ಕೂ ಇರುವ ನಂಟನ್ನು ಇಷ್ಟು ಸರಳವಾಗಿ, ಇಷ್ಟು ಬಲವಾಗಿ ಹೇಳಿದ ಬೇರೊಂದು ಕಥೆ ನಮ್ಮಲ್ಲಿ ದೊರೆಯುವುದು ಕಷ್ಟ.

ಎರಡನೆಯದು ಋಣ. ಬಲ್ಲಾಳನು ಗುಣವಾದಾಗ ಆಡಿದ ಕೊಡುಗೆಯ ಮಾತು ತಾಯಿಯ ಕಾಲದಲ್ಲಿ ಪೂರ್ಣವಾಗಿ ಸಲ್ಲುವುದಿಲ್ಲ. ಮಕ್ಕಳು ಬೆಳೆದು ನಿಂತಾಗ ಬೀಡಿಗೂ ಅವರಿಗೂ ವೈಮನಸ್ಯ ಬೆಳೆದು ಅವರು ಪಡುಮಲೆಯನ್ನು ಬಿಟ್ಟು ಹೋಗಬೇಕಾಗುತ್ತದೆ. ಕಡೆಗೆ ಎಣ್ಮೂರಿನ ಕಾಳಗದಲ್ಲಿ ಅವರ ಬಾಳು ಮುಗಿಯುತ್ತದೆ. ವೀರಕಥೆಯ ಬೇರನ್ನು ಅಗೆದು ನೋಡಿದರೆ ಅಲ್ಲಿ ಸಿಕ್ಕುವುದು ಒಬ್ಬ ವೈದ್ಯಸ್ತ್ರೀಗೆ ಸಲ್ಲದೆ ಉಳಿದ ಋಣ. ಪ್ರಾಣ ಉಳಿಸಿದವರ ಋಣವನ್ನು ತೀರಿಸಲು ಆಗದ ಪ್ರಭು ಆ ಋಣಕ್ಕೇ ಹೆದರುತ್ತಾನೆ. ಮಾಟದ ಅಪವಾದವು ಹುಟ್ಟುವ ಮೂಲಗಳಲ್ಲಿ ಇದೂ ಒಂದೆಂದು ನಮಗೆ ತೋರುತ್ತದೆ. ಗುಣವಾದವನು ಕೃತಜ್ಞನಾಗಬೇಕು, ಇಲ್ಲವೆ ಗುಣಪಡಿಸಿದವಳನ್ನು ಸಂಶಯಿಸಬೇಕು, ಎರಡನೆಯದು ಅಗ್ಗ.

ಆದರೆ ಮುಂದಿನ ಕಥನಗಳು ಈ ಎರಡು ಸ್ಥಾನಗಳಲ್ಲಿಯೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಗದ್ಯಕಥೆಗೂ ನಾಟಕಕ್ಕೂ ೧೯೭೩ರ ‘ಕೋಟಿ ಚೆನ್ನಯ’ ತುಳು ಚಿತ್ರಕ್ಕೂ ನಾಯಕರು ಅವಳಿವೀರರೇ. ತಾಯಿಯು ವೀರಜನನದ ಪೀಠಿಕೆಯಾದಳು. ಇತ್ತೀಚೆಗೆ ಆಕೆಯ ನೆನಪು ಮತ್ತೆ ಬಲಗೊಂಡಿದೆ: ಪುತ್ತೂರು ತಾಲ್ಲೂಕಿನಲ್ಲಿ ಅರಣ್ಯ ಇಲಾಖೆಯು ಆಕೆಯ ಹೆಸರಿನಲ್ಲಿ ಔಷಧಿವನವೊಂದನ್ನು ಬೆಳೆಸಿದೆ, ಗೆಜ್ಜೆಗಿರಿಯಲ್ಲಿ ಆಕೆಗೆ ಪೂಜೆ ಸಲ್ಲುತ್ತಿದೆ. ಪೂಜೆಯು ಭಕ್ತರ ಹಕ್ಕು. ಅದರ ಬಗೆಗೆ ನಾವು ಮಾತನಾಡುತ್ತಿಲ್ಲ. ಕಥೆಗಾರನ ಕೆಲಸ ಬೇರೆ. ಯಾವ ಸೊಪ್ಪು ಯಾವ ತಿಥಿಯಲ್ಲಿ ಕಿತ್ತಳು, ಒಂಬತ್ತು ತಿಂಗಳ ಹೊಟ್ಟೆ ಹೊತ್ತು ಅರಸನ ಹುಣ್ಣಿನ ಮುಂದೆ ಕುಳಿತಾಗ ಆಕೆಯ ಮನಸ್ಸಿನಲ್ಲಿ ಏನಿತ್ತು, ಮದ್ದು ತಪ್ಪಿದ್ದರೆ ಬೀಡಿನವರು ಆಕೆಯನ್ನು ಏನೆಂದು ಕರೆಯುತ್ತಿದ್ದರು ಎಂದು ಕೇಳುವುದು ಅವನ ಪಾಲಿಗೆ ಬಂದದ್ದು. ಕೊನೆಯ ಪ್ರಶ್ನೆಯಲ್ಲಿ ಒಂದು ಕಾದಂಬರಿಯೇ ಅಡಗಿದೆ.

೪

ಶಿಷ್ಟ ಕಾದಂಬರಿಗೆ ಬಂದರೆ ಮೊದಲು ನೆನಪಾಗುವುದು ಮಾಸ್ತಿಯವರ ‘ಚಿಕವೀರ ರಾಜೇಂದ್ರ’ (೧೯೫೬). ಕೊಡಗಿನ ಅರಸೊತ್ತಿಗೆ ೧೮೩೪ರಲ್ಲಿ ಮುಗಿದುಹೋದ ಕಥೆ ಇದು. ಇದರಲ್ಲಿ ಭಗವತಿ ಎಂಬ ಹೆಂಗಸು ಬರುತ್ತಾಳೆ. ಮಂತ್ರ ಬಲ್ಲವಳೆಂದು ಜನ ಆಕೆಗೆ ಹೆದರುತ್ತಾರೆ. ಹೆದರುತ್ತಲೇ ಆಕೆಯ ಬಳಿಗೆ ಹೋಗುತ್ತಾರೆ. ಮಾಸ್ತಿಯವರ ಹಿರಿಮೆ ಇರುವುದು ಆಕೆಯನ್ನು ಬರಿಯ ಬೆದರುಬೊಂಬೆಯಾಗಿ ಬಿಡದೆ, ಆಕೆಯ ಬಾಳಿನ ಹಿಂದೆ ಅರಮನೆಯೇ ಎಸಗಿದ ಹಳೆಯ ಅನ್ಯಾಯವೊಂದನ್ನು ಮೆಲ್ಲಮೆಲ್ಲನೆ ಬಿಡಿಸಿ ತೋರಿಸುವುದರಲ್ಲಿ. ಕುಂಟ ಬಸವನ ಹುಟ್ಟಿನ ಗುಟ್ಟು ಆಕೆಯೊಡನೆ ಹೆಣೆದುಕೊಂಡಿದೆ. ಓದುಗನಿಗೆ ಅರ್ಥವಾಗುವುದು ಇಷ್ಟು: ಈಕೆಗೆ ಶಕ್ತಿಯನ್ನು ಕೊಟ್ಟದ್ದು ಮಂತ್ರವಲ್ಲ, ಜನರ ಭಯ, ಆ ಭಯವಾದರೂ ಅರಮನೆಯ ಪಾಪದ ನೆರಳು.

ಇದು ದೊಡ್ಡ ಒಳನೋಟ. ಆದರೂ ಒಂದು ಮಿತಿಯನ್ನು ಹೇಳಬೇಕಾಗಿದೆ. ಭಗವತಿ ನಮಗೆ ದೊರೆಯುವುದು ರಾಜಕಾರಣದ ಹೆಣಿಗೆಯ ಒಂದು ಎಳೆಯಾಗಿ. ಆಕೆ ಊರಿನ ಒಬ್ಬ ರೋಗಿಯ ಬಳಿ ದಿನವೂ ಹೇಗೆ ನಡೆದುಕೊಳ್ಳುತ್ತಿದ್ದಳೆಂಬುದು ಕಾದಂಬರಿಯ ಆಸಕ್ತಿಯಲ್ಲ. ಅನ್ಯಾಯಕ್ಕೆ ಒಳಗಾದವಳು ಸೇಡಿಗಾಗಿ ಮಂತ್ರಕ್ಕೆ ಶರಣಾದಳು ಎಂಬ ಜಾಡಿನಲ್ಲಿ ಸಾಗುವ ಕಥನದಲ್ಲಿ ಮದ್ದಿನ ಅರಿವಿಗೆ, ಎಂದರೆ ಸೇಡಿನ ಹಂಗಿಲ್ಲದ ಬರಿಯ ಕಸುಬಿಗೆ, ಜಾಗ ಸಾಲದಾಗುತ್ತದೆ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (೧೯೬೭) ಈ ದೃಷ್ಟಿಯಿಂದ ಬೇರೊಂದು ಪಾಠ ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡಿನ ಆ ಜಗತ್ತಿನಲ್ಲಿ ದೆವ್ವ, ಭೂತ, ಹರಕೆ, ಮದ್ದು ಎಲ್ಲವೂ ಗಾಳಿಯಂತೆ ಸಹಜ. ಅಲ್ಲಿ ಮದ್ದನ್ನೂ ಮಂತ್ರವನ್ನೂ ಕೂಡಿಯೇ ನಡೆಸುವವನು ಕಣ್ಣಾಪಂಡಿತ. ಅವನನ್ನು ಕುರಿತು ಜನಕ್ಕೆ ಅಂಜಿಕೆಯೂ ಉಂಟು, ನಗೆಯೂ ಉಂಟು. ಆದರೆ ಅವನ ಹೆಸರಿನೊಡನೆ ‘ಪಂಡಿತ’ ಎಂಬ ಬಿರುದು ಅಂಟಿಕೊಂಡಿದೆ. ಗಂಡಸಿನ ಕೈಯಲ್ಲಿ ಪಾಂಡಿತ್ಯವಾಗುವುದು ಹೆಂಗಸಿನ ಕೈಯಲ್ಲಿ ಮಾಟವಾಗುತ್ತದೆಂಬ ನಮ್ಮ ಮಾತಿಗೆ ಇದಕ್ಕಿಂತ ನೇರವಾದ ಉದಾಹರಣೆ ಬೇಡ.

ಲೇಖಕಿಯರ ಕಡೆ ನೋಡಿದರೆ, ತ್ರಿವೇಣಿಯವರು ‘ಶರಪಂಜರ’ದಲ್ಲಿ ಬಾಣಂತನದ ಬಳಿಕ ಕೆಟ್ಟ ಮನಸ್ಸನ್ನು ರೋಗವೆಂದು ಗುರುತಿಸಿ ಬರೆದರು; ಹಿಂದಿನ ತಲೆಮಾರು ಅದನ್ನು ದೆವ್ವ ಹಿಡಿಯಿತೆಂದು ಹೇಳಿ ಮುಗಿಸುತ್ತಿತ್ತು. ಸ್ವತಃ ವೈದ್ಯೆಯಾಗಿದ್ದ ಅನುಪಮಾ ನಿರಂಜನ (೧೯೩೪-೧೯೯೧) ಅವರು ಹೆಣ್ಣಿನ ಹಿಂದಿನ ಪಾಡನ್ನು ಬರೆಯಹೊರಟಾಗ ಆರಿಸಿಕೊಂಡದ್ದು ಮಹಾಭಾರತದ ಮಾಧವಿಯನ್ನು. ‘ಮಾಧವಿ’ ಉತ್ತಮ ಕೃತಿಯೇ. ಆದರೆ ಹೆರಿಗೆಯ ಕೋಣೆಯನ್ನು ಒಳಗಿನಿಂದ ಬಲ್ಲ ಅಂಥ ಲೇಖನಿ ಹಳೆಯ ಸೂಲಗಿತ್ತಿಯೊಬ್ಬಳ ಬಾಳಿನ ಕಡೆಗೆ ಹೊರಳಿದ್ದರೆ ನಮಗೆ ಏನು ದೊರೆಯುತ್ತಿತ್ತೋ ಎಂಬ ಕೊರಗು ಉಳಿಯುತ್ತದೆ.

೫

ಈ ಕೊರತೆಯನ್ನು ತುಂಬಲು ಇಂದಿನ ಬರಹಗಾರನಿಗೆ ಒಂದು ಸುಲಭಮಾರ್ಗ ಕೈಬೀಸಿ ಕರೆಯುತ್ತಿದೆ. ಅದು ಪಶ್ಚಿಮದ ಮಾದರಿ. ಯೂರೋಪಿನಲ್ಲಿ ಹದಿನೈದರಿಂದ ಹದಿನೆಂಟನೆಯ ಶತಮಾನದವರೆಗೆ ನಡೆದ ಮಾಟಗಾತಿಯರ ಬೇಟೆಯಲ್ಲಿ ೪೦,೦೦೦ದಿಂದ ೬೦,೦೦೦ ಜನ ಮರಣದಂಡನೆಗೆ ಗುರಿಯಾದರೆಂದು ಇತಿಹಾಸಕಾರರ ಅಂದಾಜು, ಬಹುಪಾಲು ಹೆಂಗಸರು. ಫ್ರಾನ್ಸಿನ ಮಿಶ್ಲೆ ೧೮೬೨ರಲ್ಲಿ ಬರೆದ ‘ಲಾ ಸೋರ್ಸಿಯೆರ್’ ಗ್ರಂಥವು ಈ ಮಾಟಗಾತಿಯರನ್ನು ಬಡಜನರ ವೈದ್ಯೆಯರೆಂದು ಕೊಂಡಾಡಿತು. ಅಮೆರಿಕದ ಎರೆನ್‌ರೈಕ್ ಮತ್ತು ಇಂಗ್ಲಿಷ್ ಎಂಬ ಇಬ್ಬರು ಲೇಖಕಿಯರು ೧೯೭೩ರಲ್ಲಿ ಪ್ರಕಟಿಸಿದ ಕಿರುಹೊತ್ತಗೆ ಆ ಮತವನ್ನು ಲೋಕಕ್ಕೆಲ್ಲ ಹರಡಿತು. ಅಂದಿನಿಂದ ಕಾದಂಬರಿಗಳ ಸಾಲೇ ಬಂದಿತು: ಗಿಡಮೂಲಿಕೆ ಬಲ್ಲ ಹೆಂಗಸು, ಅಸೂಯೆಯ ವೈದ್ಯ, ಕುರುಡು ಪಾದ್ರಿ, ಕೊನೆಗೆ ಬೆಂಕಿ.

ಇದರಲ್ಲಿ ನಿಜವಿಲ್ಲವೆಂದಲ್ಲ. ಸ್ಕಾಟ್ಲೆಂಡಿನಲ್ಲಿ ೧೫೯೧ರಲ್ಲಿ ಕೊಲ್ಲಲ್ಪಟ್ಟ ಆಗ್ನೆಸ್ ಸ್ಯಾಂಪ್ಸನ್ ವೈದ್ಯ ಮಾಡುತ್ತಿದ್ದವಳೇ. ಆದರೆ ಡೇವಿಡ್ ಹಾರ್ಲಿ ೧೯೯೦ರಲ್ಲಿ ದಾಖಲೆಗಳನ್ನು ಪರಿಶೀಲಿಸಿ, ಸೂಲಗಿತ್ತಿಯರು ಸಾಮೂಹಿಕವಾಗಿ ಆರೋಪಕ್ಕೆ ಗುರಿಯಾದರೆಂಬುದು ಕಟ್ಟುಕಥೆ ಎಂದು ತೋರಿಸಿದರು. ಆಕೆ ಊರಿನ ನಂಬಿಕೆಯ ವ್ಯಕ್ತಿಯಾಗಿದ್ದು ಎಷ್ಟೋ ವೇಳೆ ನ್ಯಾಯಾಲಯದ ಪರವಾಗಿ ಆರೋಪಿತೆಯರ ಮೈ ಪರೀಕ್ಷಿಸಿದವಳು. ಸತ್ಯವು ಕಥೆಗಿಂತ ಕ್ಲಿಷ್ಟ, ಆದುದರಿಂದ ಕಾದಂಬರಿಗೆ ಹೆಚ್ಚು ಯೋಗ್ಯ.

ಮಾರೀಸ್ ಕೋಂಡೆ ೧೯೮೬ರಲ್ಲಿ ಫ್ರೆಂಚಿನಲ್ಲಿ ಬರೆದ ತಿತುಬಾಳ ಕಾದಂಬರಿ ಇಲ್ಲಿ ಗಮನಿಸತಕ್ಕದ್ದು. ೧೬೯೨ರ ಸೇಲಂ ವಿಚಾರಣೆಯ ದಾಖಲೆಗಳಲ್ಲಿ ತಿತುಬಾ ಒಬ್ಬ ದಾಸಿ ಮಾತ್ರ. ಆಕೆಗೆ ಗಿಡಮೂಲಿಕೆಯ ವಿದ್ಯೆಯನ್ನೂ ಗುರುವನ್ನೂ ಕೊಟ್ಟವಳು ಕೋಂಡೆ. ಇದು ಕಲ್ಪನೆಯೆಂಬುದನ್ನು ಆಕೆ ಮರೆಮಾಚುವುದಿಲ್ಲ. ದಾಖಲೆ ಮೌನವಾಗಿರುವಲ್ಲಿ ಮಾತನಾಡಿಸುತ್ತೇನೆಂಬ ಧೈರ್ಯ ಕೃತಿಯ ಉದ್ದಕ್ಕೂ ಇದೆ. ನಮ್ಮಲ್ಲಿ ಮಹಾಶ್ವೇತಾದೇವಿಯವರ ‘ಬಾಯೇನ್’ ಇದಕ್ಕಿಂತ ಹತ್ತಿರದ್ದು. ಸತ್ತ ಕೂಸುಗಳನ್ನು ಹೂಳುವ ಕುಲಕರ್ತವ್ಯದ ಹೆಂಗಸೊಬ್ಬಳು ಆ ಕರ್ತವ್ಯದ ಕಾರಣದಿಂದಲೇ ಮಾಟಗಾತಿಯೆಂದು ಹೊರಗಾಗುತ್ತಾಳೆ. ಅಲ್ಲಿ ಪಾದ್ರಿಯಿಲ್ಲ, ಬೆಂಕಿಯಿಲ್ಲ, ನೆರೆಹೊರೆಯೇ ಸಾಕು. ನಮ್ಮ ದೇಶದ ಭಯದ ಆಕಾರ ಇದೇ. ಮಠವೋ ಮಹಾಪೀಠವೋ ನಡೆಸಿದ ವಿಚಾರಣೆಯಲ್ಲ. ಸತ್ತ ಎಮ್ಮೆ, ಬತ್ತಿದ ಮೊಲೆ, ವಿಧವೆಯ ಪಾಲಿನ ಹೊಲ, ಕೆಳಜಾತಿಯ ಮನೆ. ಯೂರೋಪಿನ ಚಿತೆಯನ್ನು ಕನ್ನಡದ ಊರಿನಲ್ಲಿ ತಂದು ಹೊತ್ತಿಸುವ ಕಾದಂಬರಿಯು ಇತಿಹಾಸಕ್ಕೂ ಸಲ್ಲದು, ನೊಂದವರಿಗೂ ಸಲ್ಲದು.

೬

ಹಾಗಾದರೆ ಸಾಮಗ್ರಿ ಎಲ್ಲಿದೆ? ಪುಣೆಯಲ್ಲಿರುವ ಕನ್ನಡಿಗರಿಗೆ ಈ ಪ್ರಶ್ನೆ ಅಷ್ಟು ದೂರದ್ದಲ್ಲ. ಇಲ್ಲಿಯ ಪೇಶ್ವೆ ದಫ್ತರದ ಮೋಡಿ ಕಾಗದಗಳಲ್ಲಿ ಮರಾಠಿ ನಾಡಿನ ಆಡಳಿತವಷ್ಟೇ ಇಲ್ಲ. ೧೮೧೮ಕ್ಕೆ ಮುಂಚೆ ಪೇಶ್ವೆಯರ ಮತ್ತು ಅವರ ಸರದಾರರ ಕೈಕೆಳಗಿದ್ದ ಧಾರವಾಡ, ಬೆಳಗಾವಿ, ವಿಜಾಪುರ ಸೀಮೆಗಳ ವ್ಯವಹಾರವೂ ಇದೆ. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ೧೯೦೦ರಲ್ಲಿ ಪೇಶ್ವೆ ರೋಜನಿಶಿಗಳಿಗೆ ಬರೆದ ಪ್ರಸ್ತಾವನೆಯಲ್ಲಿ, ಭೂತಪ್ರಯೋಗ ಮಾಡುವವರನ್ನು ಪತ್ತೆಹಚ್ಚಿ ಶಿಕ್ಷಿಸುವುದನ್ನು ಆ ಸರಕಾರವು ಅಧಿಕಾರಿಗಳ ಕರ್ತವ್ಯವೆಂದೇ ಎಣಿಸಿತ್ತೆಂದು ತೋರಿಸಿದ್ದಾರೆ. ‘ಚೇಟೂಕ’ದ ಅಪವಾದವು ಹಳ್ಳಿಯ ಪಿಸುಮಾತಾಗಿ ಉಳಿಯದೆ ದಫ್ತರದ ವಿಷಯವೂ ಆಗಿತ್ತು. ಖಾನದೇಶ, ಡಾಂಗ್ ಪ್ರದೇಶಗಳ ‘ಡಾಕಣ’ರ ಮೇಲಿನ ಹಿಂಸೆಯನ್ನು ಕುರಿತು ಅಜಯ್ ಸ್ಕಾರಿಯಾ ಅವರು ೧೯೯೭ರಲ್ಲಿ ಬರೆದ ಪ್ರಬಂಧವು ಇಂಗ್ಲಿಷರ ಕಾಲದ ಕಡತಗಳಿಂದ ಇಂಥ ಇತಿಹಾಸವನ್ನು ಹೇಗೆ ಹೊರತೆಗೆಯಬಹುದೆಂಬುದಕ್ಕೆ ಮಾದರಿ. ಮೋಡಿ ಬಲ್ಲ ಕನ್ನಡಿಗನೊಬ್ಬ ನಮ್ಮ ಸೀಮೆಗಳ ಕಾಗದಗಳನ್ನು ಇದೇ ಕಣ್ಣಿನಿಂದ ಓದಿದರೆ ಇತಿಹಾಸಕ್ಕೂ ಕಾದಂಬರಿಗೂ ಉಪಕಾರವಾದೀತು.

ಇದೇ ಊರು ಮತ್ತೊಂದು ಚಿತ್ರವನ್ನೂ ಒದಗಿಸುತ್ತದೆ. ಆನಂದೀಬಾಯಿ ಜೋಶಿಯವರು ಹದಿನಾಲ್ಕನೆಯ ವಯಸ್ಸಿನಲ್ಲಿ ಹೆತ್ತ ಕೂಸನ್ನು ಕೆಲವೇ ದಿನಗಳಲ್ಲಿ ಕಳೆದುಕೊಂಡು, ಅಮೆರಿಕದ ಪೆನ್ಸಿಲ್ವೇನಿಯಕ್ಕೆ ಹೋಗಿ ೧೮೮೬ರಲ್ಲಿ ವೈದ್ಯಪದವಿ ಪಡೆದು, ೧೮೮೭ರ ಫೆಬ್ರುವರಿ ೨೬ರಂದು ಪುಣೆಯಲ್ಲಿ ಇಪ್ಪತ್ತೆರಡು ತುಂಬುವ ಮುನ್ನವೇ ತೀರಿಕೊಂಡರು. ಪದವಿಗಾಗಿ ಆಕೆ ಬರೆದ ಪ್ರಬಂಧದ ವಿಷಯ ಆರ್ಯ ಹಿಂದುಗಳ ಪ್ರಸೂತಿಶಾಸ್ತ್ರ. ಕಾಶೀಬಾಯಿ ಕಾನಿಟಕರರು ೧೮೮೯ರಲ್ಲಿ ಆಕೆಯ ಚರಿತ್ರೆ ಬರೆದರು, ಶ್ರೀ. ಜ. ಜೋಶಿಯವರ ‘ಆನಂದೀ ಗೋಪಾಳ’ ಕಾದಂಬರಿ ೧೯೬೮ರಲ್ಲಿ ಬಂದಿತು. ಕಾದಂಬರಿ ಬಲವಾದದ್ದು, ಆದರೆ ಅದನ್ನು ನಡೆಸುವ ಶಕ್ತಿ ಪತಿ ಗೋಪಾಳರಾಯರ ಹಠ. ಹೆಸರಿನಲ್ಲಿಯೇ ಇಬ್ಬರೂ ಜೋಡಿಯಾಗಿ ನಿಂತಿದ್ದಾರೆ. ಕೂಸನ್ನು ಕಳೆದುಕೊಂಡ ತಾಯಿಯ ಕಣ್ಣಿನಿಂದ ವಿದೇಶದ ಹೆರಿಗೆಯ ಕೋಣೆಯನ್ನು ನೋಡಿದ ಆನಂದಿಯ ಒಳಮನಸ್ಸು, ಶಾಸ್ತ್ರದ ಪ್ರಸೂತಿಗೂ ತನ್ನೂರ ಸುಈಣೆಯ ಕೈಗೂ ನಡುವಿನ ಅಂತರವನ್ನು ಅಳೆದ ಆಕೆಯ ಬುದ್ಧಿ, ಇನ್ನೂ ಒಂದು ಕಾದಂಬರಿಗಾಗಿ ಕಾದಿವೆ.

ಆನಂದಿಯ ಹಾದಿಯೊಡನೆ ಹಳೆಯ ಸೂಲಗಿತ್ತಿಯ ಹಾದಿ ಮುಗಿಯಿತೆಂದು ತಿಳಿಯಬಾರದು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಅಜ್ಜಿಯಿಂದ ಕಲಿತ ವಿದ್ಯೆಯಿಂದ ೧೫,೦೦೦ಕ್ಕೂ ಮಿಕ್ಕ ಹೆರಿಗೆಗಳನ್ನು ಮಾಡಿಸಿ, ೨೦೧೮ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರಿನಲ್ಲಿ ಕಣ್ಮುಚ್ಚಿದರು. ವೃತ್ತಿಯ ಹೆಸರೇ ಬಿರುದಾಗಿ ಆಕೆಯ ಹೆಸರಿನ ಮುಂದೆ ನಿಂತಿತು. ಬೈದೆತಿಯ ಬಳಿಕ ಇಷ್ಟು ಕಾಲಕ್ಕೆ ಆ ಗೌರವ ಮರಳಿತೆನ್ನಬಹುದು.

೭

ಇಷ್ಟರಿಂದ ಕಾಣಬರುವ ನಿರ್ಣಯಗಳನ್ನು ಸಂಗ್ರಹವಾಗಿ ಹೇಳಬಹುದು. ಮದ್ದು ಬಲ್ಲ ಹೆಂಗಸನ್ನು ಚಿತ್ರಿಸುವ ಐತಿಹಾಸಿಕ ಕೃತಿಯು ಮೊದಲು ಆಕೆಯ ಕಸುಬನ್ನು ತಿಳಿದಿರಬೇಕು; ಬೇರಿನ ಹೆಸರು, ಕಾಯಿಸುವ ಹದ, ಕೊಡುವ ಅಳತೆ, ತಪ್ಪಿದರೆ ಆಗುವ ಕೇಡು ಇವೆಲ್ಲ ಪಾತ್ರದ ಮೈಮೇಲೆ ಇರಬೇಕು. ಎರಡನೆಯದಾಗಿ, ಆಕೆಗೆ ತನ್ನ ಕಾಲದ ನಂಬಿಕೆಗಳು ಇರಬೇಕು. ಹದಿನಾರನೆಯ ಶತಮಾನದ ಬೈದೆತಿ ಮಂತ್ರವನ್ನು ನಂಬದ ವಿಚಾರವಾದಿಯಾಗಿ ಮಾತನಾಡಿದರೆ ಅದು ನಮ್ಮ ಕಾಲದ ಮಾತೇ ಹೊರತು ಆಕೆಯದಲ್ಲ. ಮೂರನೆಯದಾಗಿ, ಭಯಪಡುವವರನ್ನೂ ಮನುಷ್ಯರೆಂದು ಕಾಣಬೇಕು. ಮಗುವನ್ನು ಕಳೆದುಕೊಂಡ ತಂದೆಯ ಸಂಶಯ ಕ್ರೂರವಾದರೂ ಅದರ ಮೂಲ ದುಃಖ. ಆ ದುಃಖವನ್ನು ತನ್ನ ಲಾಭಕ್ಕೆ ಬಳಸಿಕೊಳ್ಳುವವನನ್ನು ಬೇರ್ಪಡಿಸಿ ತೋರಿಸುವುದೇ ಕಾದಂಬರಿಕಾರನ ನೀತಿ.

ಇದರಲ್ಲಿ ಇಂದಿನ ಹೊಣೆಯೂ ಇದೆ. ಡಾ. ನರೇಂದ್ರ ದಾಭೋಲಕರರು ೨೦೧೩ರ ಆಗಸ್ಟ್ ೨೦ರಂದು ಇದೇ ಪುಣೆಯಲ್ಲಿ ಹತರಾದರು. ಅವರು ಬಹುಕಾಲ ಹೋರಾಡಿದ ಮಾಟ-ಅಘೋರಪ್ರಥೆಗಳ ವಿರುದ್ಧದ ಕಾಯಿದೆ ಅದೇ ವರ್ಷ ಮಹಾರಾಷ್ಟ್ರದಲ್ಲಿ ಬಂದಿತು. ಕರ್ನಾಟಕವು ೨೦೧೭ರಲ್ಲಿ ಅಂಥ ಕಾಯಿದೆಯನ್ನು ಅಂಗೀಕರಿಸಿ ೨೦೨೦ರಲ್ಲಿ ಜಾರಿಗೆ ತಂದಿತು. ಕಾಯಿದೆಯು ಕೃತ್ಯವನ್ನು ದಂಡಿಸಬಲ್ಲುದು. ‘ಮದ್ದು ಹಾಕಿದಳು’ ಎಂಬ ಪಿಸುಮಾತಿನ ಹುಟ್ಟನ್ನು ಅರಿಯಲಾರದು. ಅದನ್ನು ಅರಿಯುವುದು ಕಥೆಯ ಕೆಲಸ.

ತಾಯ್ನಾಡಿನಿಂದ ಹೊರಗಿರುವವರಿಗೆ ಒಂದು ಅನುಕೂಲವುಂಟು: ಎರಡು ಭಾಷೆಗಳ ಶಬ್ದಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಬಲ್ಲರು. ಸೂಲಗಿತ್ತಿ ಮತ್ತು ಸುಈಣ, ಮಾಟಗಾತಿ ಮತ್ತು ಚೇಟಕೀಣ, ಈ ಎರಡು ಜೋಡಿಗಳ ನಡುವೆ ಕನ್ನಡ-ಮರಾಠಿ ಗಡಿಯ ಉದ್ದಕ್ಕೂ ಎಷ್ಟೋ ಹೆಂಗಸರ ಬಾಳು ಒಂದು ಹೆಸರಿನಿಂದ ಇನ್ನೊಂದು ಹೆಸರಿಗೆ ಜಾರಿಹೋಗಿದೆ. ಆ ಜಾರುವಿಕೆಯ ಕ್ಷಣವನ್ನು ಹಿಡಿದು ಬರೆಯುವ ಕಾದಂಬರಿ ಕನ್ನಡದಲ್ಲಿ ಬರಬೇಕಾಗಿದೆ. ಅದಕ್ಕೆ ಬೇಕಾದ ಹಾಡು ತುಳುನಾಡಿನಲ್ಲಿದೆ, ಕಾಗದ ಪುಣೆಯಲ್ಲಿದೆ.